ಸಾಯದ ಹಾಡಿಗೆ ಮರುಹುಟ್ಟು: ಕ್ಯೂಬಾದ ಸೋನ್ ಸಂಗೀತಕ್ಕೆ ಸಿಕ್ಕ ಮನ್ನಣೆಯ ಒಳಹೊರಗು

2025ರ ಡಿಸೆಂಬರ್ ಎರಡನೆಯ ವಾರದಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಸೇರಿದ್ದ ಯುನೆಸ್ಕೊ ಸಮಿತಿಯ ಸಭೆ ನಮ್ಮ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ದೀಪಾವಳಿಯಿಂದಾಗಿ. ಹಬ್ಬವು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು, ನಮ್ಮ ಮಟ್ಟಿಗೆ ಸುದ್ದಿ ಅಲ್ಲಿಗೆ ಮುಗಿಯಿತು. ಅದೇ ಸಭೆ ಅದೇ ಪಟ್ಟಿಗೆ ಕ್ಯೂಬಾದ ‘ಸೋನ್’ ಸಂಗೀತವನ್ನೂ ಸೇರಿಸಿತ್ತು. ಇಲ್ಲಿ ಹೆಚ್ಚು ಜನ ಗಮನಿಸದೆ ಹೋದ ಈ ಸಂಗತಿಯನ್ನು ಕ್ಯೂಬಾ ದೇಶವೇ ಗೆದ್ದಂತೆ ಸಂಭ್ರಮಿಸಿತು. ಆ ಹೊತ್ತಿಗೆ ಅಲ್ಲಿನ ವಿದ್ಯುತ್ ಜಾಲ ವರ್ಷದಲ್ಲಿ ಹಲವು ಬಾರಿ ಪೂರ್ತಿಯಾಗಿ ಕುಸಿದಿತ್ತು. ಸೋನ್ ಹುಟ್ಟಿದ ಪೂರ್ವ ಸೀಮೆಯ ಮೇಲೆ ಅಕ್ಟೋಬರ್ 29ರಂದು ಮೆಲಿಸ್ಸಾ ಚಂಡಮಾರುತ ಬೀಸಿ ಹೋಗಿ ಆರು ವಾರಗಳಷ್ಟೇ ಆಗಿದ್ದವು.

ಈ ಸುದ್ದಿ ಓದಿದವರಿಗೆ ಗೊಂದಲವಾಗುವುದು ಸಹಜ. ‘ಬುಯೆನಾ ವಿಸ್ತಾ ಸೋಶಿಯಲ್ ಕ್ಲಬ್’ ಎಂಬ ಆಲ್ಬಮ್ 1997ರಲ್ಲೇ ಹಳೆಯ ಕ್ಯೂಬನ್ ಸಂಗೀತಕ್ಕೆ ಮರುಜೀವ ಕೊಟ್ಟಿತೆಂದು ಜಗತ್ತು ನಂಬಿದೆ. ಎಪ್ಪತ್ತು, ಎಂಬತ್ತು, ತೊಂಬತ್ತರ ಅಂಚಿನ ಕಲಾವಿದರು ದೇಶದೇಶ ಸುತ್ತಿ ಹಾಡಿದರು, ಲಕ್ಷಗಟ್ಟಲೆ ಪ್ರತಿಗಳು ಖರ್ಚಾದವು. ಹಾಗೆ ಬದುಕಿಬಂದ ಸಂಗೀತಕ್ಕೆ ಮೂರು ದಶಕಗಳ ಬಳಿಕ ಸಂರಕ್ಷಣೆಯ ಪಟ್ಟಿಯೊಂದು ಏಕೆ ಬೇಕಾಯಿತು? ಅದೇ ಕಲಾವಿದರ ಕಥೆಯನ್ನು ಆಡುವ ಸಂಗೀತ ನಾಟಕ ನ್ಯೂಯಾರ್ಕಿನಲ್ಲಿ ಪ್ರಶಸ್ತಿಗಳನ್ನು ಬಾಚಿಕೊಳ್ಳುತ್ತಿರುವಾಗ ಕ್ಯೂಬಾದ ಪ್ರಜೆಗಳ ಪ್ರವೇಶವನ್ನು ಅಮೆರಿಕ ಏಕೆ ಬಿಗಿಗೊಳಿಸಿತು? ಮರುಜೀವ ಎಂದು ಯಾವುದನ್ನು ಕರೆಯುತ್ತಿದ್ದೇವೆ ಎಂಬುದನ್ನು ಬಿಡಿಸಿ ನೋಡದೆ ಈ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ.

ಸೋನ್ ಎಂದರೆ ಯಾವ ಸಂಗೀತ?

ಕ್ಯೂಬಾದ ಪೂರ್ವದ ಗುಡ್ಡಗಾಡಿನಲ್ಲಿ, ಅಂದರೆ ಗ್ವಾಂಟಾನಮೊ, ಬರಕೋವಾ, ಸಾಂಟಿಯಾಗೊ ಸುತ್ತಲಿನ ಹಳ್ಳಿಗಳಲ್ಲಿ, 19ನೆಯ ಶತಮಾನದ ಕೊನೆಯ ಹೊತ್ತಿಗೆ ರೂಪುಗೊಂಡ ಹಾಡು-ಕುಣಿತದ ಪದ್ಧತಿ ಇದು. ಸ್ಪೇನಿನಿಂದ ಬಂದ ತಂತಿವಾದ್ಯ ಮತ್ತು ಪದ್ಯದ ಕಟ್ಟು ಒಂದು ಕಡೆಯಿಂದ, ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ತಾಳ ಮತ್ತು ಸವಾಲು-ಜವಾಬಿನ ಹಾಡಿಕೆ ಇನ್ನೊಂದು ಕಡೆಯಿಂದ ಬಂದು ಅಲ್ಲಿ ಬೆಸೆದುಕೊಂಡವು. ಹಾಡಿನ ಮೊದಲ ಭಾಗದಲ್ಲಿ ಗಾಯಕ ಪದ್ಯ ಹೇಳುತ್ತಾನೆ. ಆಮೇಲೆ ‘ಮೊಂತುನೊ’ ಎಂಬ ಭಾಗ ಬರುತ್ತದೆ. ಹಿಮ್ಮೇಳ ಒಂದೇ ಸಾಲನ್ನು ಹಿಡಿದು ಮರಳಿ ಮರಳಿ ಹಾಡುತ್ತಿರುತ್ತದೆ, ಮುಖ್ಯ ಗಾಯಕ ಅದರ ಸಂದಿನಲ್ಲಿ ಆ ಕ್ಷಣಕ್ಕೆ ಹೊಳೆದದ್ದನ್ನು ಕಟ್ಟಿ ಸೇರಿಸುತ್ತ ಹೋಗುತ್ತಾನೆ. ನಮ್ಮ ಭಜನೆಯ ಮೇಳ ಬಿಸಿಯೇರಿದಾಗ ಆಗುವುದಕ್ಕೂ ಇದಕ್ಕೂ ದೂರದ ಹೋಲಿಕೆ ಕಾಣಬಹುದು, ಆದರೆ ಇಲ್ಲಿ ಕೇಳುವವರು ಕೂತಿರುವುದಿಲ್ಲ, ಕುಣಿಯುತ್ತಿರುತ್ತಾರೆ.

ಈ ಸಂಗೀತದ ಬೆನ್ನೆಲುಬು ‘ಕ್ಲಾವೆ’. ಗೇಣುದ್ದದ ಎರಡು ಗಟ್ಟಿ ಮರದ ಕೋಲುಗಳು. ಒಂದನ್ನು ಮಡಚಿದ ಅಂಗೈಯ ಮೇಲೆ ಸಡಿಲವಾಗಿ ಇಟ್ಟು ಇನ್ನೊಂದರಿಂದ ತಟ್ಟಿದರೆ ಮೇಳದ ಎಲ್ಲ ಸದ್ದನ್ನೂ ಸೀಳಿಕೊಂಡು ಕೇಳುವ ಚೂಪಾದ ನಾದ ಬರುತ್ತದೆ. ಒಂದರಿಂದ ಹದಿನಾರರವರೆಗೆ ಸಮ ವೇಗದಲ್ಲಿ ಎಣಿಸುತ್ತ 1, 4, 7, 11 ಮತ್ತು 13ರಲ್ಲಿ ಮಾತ್ರ ಚಪ್ಪಾಳೆ ತಟ್ಟಿದರೆ ಸೋನ್‌ನ ಕ್ಲಾವೆ ಸಿಗುತ್ತದೆ: ಮೊದಲ ಅರ್ಧದಲ್ಲಿ ಮೂರು ಪೆಟ್ಟು, ಎರಡನೆಯ ಅರ್ಧದಲ್ಲಿ ಎರಡು. ಹಾಡು, ಕುಣಿತ, ತಂತಿಯ ನಡೆ ಎಲ್ಲವೂ ಈ ಐದು ಪೆಟ್ಟಿಗೆ ಹೊಂದಿಕೊಂಡೇ ಸಾಗಬೇಕು. ಕೋಲು ಯಾರೂ ತಟ್ಟದಿದ್ದರೂ ಅದು ಎಲ್ಲರ ಮೈಯಲ್ಲಿ ನಡೆಯುತ್ತಿರಬೇಕು. ಇದರ ಜೊತೆಗಿರುವ ಮುಖ್ಯ ವಾದ್ಯ ‘ಟ್ರೆಸ್’. ಗಿಟಾರಿನಂಥದ್ದೇ, ಆದರೆ ತಂತಿಗಳು ಎರಡೆರಡರ ಮೂರು ಜೋಡಿ. ಹೆಸರಿನ ಅರ್ಥವೂ ಮೂರು ಎಂದೇ. ಅದನ್ನು ಗಿಟಾರಿನಂತೆ ಮೀಟಿ ಸ್ವರಗುಚ್ಛ ಹಿಡಿಯುವುದಕ್ಕಿಂತ, ಒಂದೊಂದೇ ಸ್ವರವನ್ನು ಬಿಡಿಸಿ ತಾಳದ ಎದುರಿಗೆ ಎಸೆಯುವುದೇ ಹೆಚ್ಚು.

ಹಳ್ಳಿಯ ಈ ಸಂಗೀತ 1910ರ ಆಸುಪಾಸಿನಲ್ಲಿ ಸೈನಿಕರ, ಕೂಲಿಗಾರರ ಜೊತೆ ರಾಜಧಾನಿ ಹವಾನಾಗೆ ಬಂತು. ಕರಿಯರ ಕೇರಿಯ ಹಾಡೆಂದು ಮೇಲ್ವರ್ಗದವರು ಮೊದಮೊದಲು ಅದನ್ನು ಕೀಳಾಗಿ ಕಂಡರು. 1920ರಲ್ಲಿ ಸೆಕ್ಸ್ತೇತೊ ಹಬಾನೆರೊ, 1925ರಲ್ಲಿ ಸಾಂಟಿಯಾಗೊದ ತ್ರಿಯೊ ಮತಾಮೊರೋಸ್, 1927ರಲ್ಲಿ ಇಗ್ನಾಸಿಯೊ ಪಿನ್ಯೇರೊ ಕಟ್ಟಿದ ಸೆಕ್ಸ್ತೇತೊ ನಾಸಿಯೊನಾಲ್ ಹುಟ್ಟಿದವು. ಗ್ರಾಮಾಫೋನು, ರೇಡಿಯೊಗಳ ಬಲದಿಂದ ಕೀಳು ಸಂಗೀತವೆನಿಸಿಕೊಂಡಿದ್ದದ್ದು ಹತ್ತೇ ವರ್ಷಗಳಲ್ಲಿ ದೇಶದ ಗುರುತಾಯಿತು. 1940ರ ದಶಕದಲ್ಲಿ ದೃಷ್ಟಿಯಿಲ್ಲದ ಟ್ರೆಸ್ ವಾದಕ ಆರ್ಸೇನಿಯೊ ರೊದ್ರಿಗೆಸ್ ಪಿಯಾನೊ, ಕೊಂಗಾ ಡೋಲು, ಹೆಚ್ಚು ತುತ್ತೂರಿಗಳನ್ನು ಸೇರಿಸಿ ಮೇಳವನ್ನು ದೊಡ್ಡದು ಮಾಡಿದರು. ಆಮೇಲೆ ನ್ಯೂಯಾರ್ಕಿನಲ್ಲಿ ‘ಸಾಲ್ಸಾ’ ಎಂಬ ಹೆಸರಿನಲ್ಲಿ ಜಗತ್ತು ಕುಣಿದದ್ದು ಬಹುಮಟ್ಟಿಗೆ ಇದೇ ಅಡಿಪಾಯದ ಮೇಲೆ.

ಮರೆವು ಹೇಗೆ ಬಂತು

ಫಿಡೆಲ್ ಕ್ಯಾಸ್ಟ್ರೊ ನೇತೃತ್ವದ 1959ರ ಕ್ರಾಂತಿ ಸೋನ್ ಸಂಗೀತವನ್ನು ನಿಷೇಧಿಸಿತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಸರಿಯಲ್ಲ. ಆದದ್ದು ಬೇರೆ ಬಗೆಯದು, ನಿಧಾನವಾದದ್ದು. ಜೂಜಿನ ಮನೆಗಳು ಮುಚ್ಚಿದವು, ಅಮೆರಿಕದ ಪ್ರವಾಸಿಗರು ನಿಂತರು, ಅವರ ಹಣದ ಮೇಲೆ ನಡೆಯುತ್ತಿದ್ದ ರಾತ್ರಿ ಕ್ಲಬ್ಬುಗಳು ಸೊರಗಿದವು. 1968ರಲ್ಲಿ ಸರ್ಕಾರ ಉಳಿದಿದ್ದ ಸಣ್ಣಪುಟ್ಟ ಖಾಸಗಿ ಅಂಗಡಿ, ಬಾರುಗಳನ್ನೂ ರಾಷ್ಟ್ರೀಕರಿಸಿದಾಗ ಹಾಡುವ ಜಾಗಗಳು ಇನ್ನಷ್ಟು ಕಡಿಮೆಯಾದವು. ಸಂಗೀತಗಾರರು ಸರ್ಕಾರಿ ಸಂಬಳದವರಾದರು. ಕಚೇರಿಯಿರಲಿ ಇಲ್ಲದಿರಲಿ ತಿಂಗಳ ಹಣ ಬರುತ್ತಿತ್ತು, ಹೊಟ್ಟೆಗೆ ಕೊರತೆಯಿರಲಿಲ್ಲ. ಆದರೆ ಧ್ವನಿಮುದ್ರಣ ಮಾಡುವ ಸಂಸ್ಥೆ ದೇಶಕ್ಕೊಂದೇ, 1964ರಲ್ಲಿ ಸ್ಥಾಪನೆಯಾದ ಸರ್ಕಾರಿ ‘ಎಗ್ರೆಮ್’. ಯಾರ ಹಾಡು ಅಚ್ಚಾಗಬೇಕು ಎಂಬುದು ಕೇಳುಗರ ಬೇಡಿಕೆಗಿಂತ ಆ ಸಂಸ್ಥೆಯ ಆದ್ಯತೆಯನ್ನು ಅವಲಂಬಿಸಿತು.

ಬುಯೆನಾ ವಿಸ್ತಾ ಎಂಬ ಹೆಸರೇ ಈ ಬದಲಾವಣೆಯ ಒಂದು ಸೂಕ್ಷ್ಮ ಮುಖವನ್ನು ತೋರಿಸುತ್ತದೆ. ಅದು ಹವಾನಾದ ಹೊರವಲಯದಲ್ಲಿದ್ದ, ಕಪ್ಪು ಜನರು ತಮಗಾಗಿ ಕಟ್ಟಿಕೊಂಡಿದ್ದ ಸಂಘವೊಂದರ ಹೆಸರು. ಬಿಳಿಯರ ಕ್ಲಬ್ಬುಗಳಿಗೆ ಅವರಿಗೆ ಪ್ರವೇಶವಿರಲಿಲ್ಲವಾದ್ದರಿಂದ ಇಂಥ ಸಂಘಗಳು ಹುಟ್ಟಿದ್ದವು. ಕ್ರಾಂತಿಯ ಸರ್ಕಾರ ವರ್ಣಭೇದವನ್ನು ಕಾನೂನಿನಲ್ಲಿ ಕಿತ್ತುಹಾಕಿತು. ಬಣ್ಣದ ಆಧಾರದ ಸಂಘಗಳೂ ಜೊತೆಗೇ ಮುಚ್ಚಿದವು, ಬಿಳಿಯರವೂ ಕರಿಯರವೂ. ಅನ್ಯಾಯ ಹೋಗುವಾಗ ಅದರ ನಡುವೆಯೇ ಬೆಳೆದಿದ್ದ ಸಂಗೀತದ ಮನೆಯೂ ಹೋಯಿತು. ಇದನ್ನು ಲಾಭ ಎನ್ನಬೇಕೋ ನಷ್ಟ ಎನ್ನಬೇಕೋ ಎಂಬ ವಾದ ಕ್ಯೂಬಾದಲ್ಲಿ ಇಂದಿಗೂ ಮುಗಿದಿಲ್ಲ.

ಇಷ್ಟರ ಜೊತೆಗೆ ಯಾವ ದೇಶದಲ್ಲೂ ಆಗುವ ಸಾಮಾನ್ಯ ಬದಲಾವಣೆಯೂ ಆಗುತ್ತಿತ್ತು. 1969ರಲ್ಲಿ ಲೋಸ್ ವಾನ್ ವಾನ್ ಮೇಳ ಹುಟ್ಟಿತು, ವಿದ್ಯುತ್ ವಾದ್ಯಗಳು ಬಂದವು, ಯುವಜನರ ಕಿವಿ ಬದಲಾಯಿತು. 1990ರ ದಶಕದ ಹೊತ್ತಿಗೆ ಹವಾನಾದ ಯುವಕರು ಕುಣಿಯುತ್ತಿದ್ದದ್ದು ‘ತಿಂಬಾ’ ಎಂಬ ಬಿರುಸಿನ ಹೊಸ ಸಂಗೀತಕ್ಕೆ. ಹಳೆಯ ಗಾಯಕರು ಅವರಿಗೆ ಅಜ್ಜನ ಕಾಲದವರು.

1996ರ ಮಾರ್ಚ್ ತಿಂಗಳು

ಬ್ರಿಟನ್ನಿನ ವರ್ಲ್ಡ್ ಸರ್ಕ್ಯೂಟ್ ಸಂಸ್ಥೆಯ ನಿಕ್ ಗೋಲ್ಡ್ ಯೋಜಿಸಿದ್ದದ್ದು ಹಳೆಯ ಕಲಾವಿದರ ಆಲ್ಬಮ್ಮನ್ನಲ್ಲ. ಪಶ್ಚಿಮ ಆಫ್ರಿಕದ ಮಾಲಿ ದೇಶದ ವಾದಕರನ್ನು ಕ್ಯೂಬಾದವರ ಜೊತೆ ಕೂರಿಸಿ ನುಡಿಸುವ ಪ್ರಯೋಗ ಅದು. ಪ್ರಯಾಣಪತ್ರಗಳ ತೊಡಕಿನಿಂದ ಮಾಲಿಯವರು ಬರಲೇ ಇಲ್ಲ. ಹವಾನಾದ ಎಗ್ರೆಮ್ ಸ್ಟುಡಿಯೊ ಕಾದಿರಿಸಿಯಾಗಿತ್ತು, ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಬಂದಿಳಿದಿದ್ದರು. ಆಗ ಕೈಹಿಡಿದದ್ದು ಹುವಾನ್ ದೆ ಮಾರ್ಕೋಸ್ ಗೊನ್ಸಾಲೆಸ್ ಎಂಬ ಕ್ಯೂಬನ್ ವಾದಕ ಹಳಬರನ್ನು ಕೂಡಿಸಿ ಕಟ್ಟುತ್ತಿದ್ದ ಮೇಳ. ಸುಮಾರು ಎರಡು ವಾರಗಳಲ್ಲಿ ಮೂರು ಆಲ್ಬಮ್‌ಗಳು ಮುದ್ರಣಗೊಂಡವು, ಅವುಗಳಲ್ಲಿ ‘ಬುಯೆನಾ ವಿಸ್ತಾ’ಕ್ಕೆ ಹಿಡಿದದ್ದು ಆರು ದಿನ.

ಅಲ್ಲಿ ಸೇರಿದ್ದವರ ಸ್ಥಿತಿ ಒಂದೇ ಬಗೆಯದಾಗಿರಲಿಲ್ಲ. 1919ರಲ್ಲಿ ಹುಟ್ಟಿದ ರೂಬೆನ್ ಗೊನ್ಸಾಲೆಸ್ ಒಂದು ಕಾಲಕ್ಕೆ ಕ್ಯೂಬಾದ ಅತ್ಯುತ್ತಮ ಪಿಯಾನೊ ವಾದಕರಲ್ಲಿ ಒಬ್ಬರು. ಕೀಲುನೋವಿನಿಂದ ಬೆರಳು ಬಿಗಿದಿದ್ದವು, ಮನೆಯಲ್ಲಿ ನುಡಿಸಲು ಪಿಯಾನೊ ಇರಲಿಲ್ಲ. ಸ್ಟುಡಿಯೊದ ಬಾಗಿಲು ತೆರೆಯುವ ಮೊದಲೇ ಬಂದು ಕಾದು, ತೆರೆದ ಕೂಡಲೇ ಪಿಯಾನೊ ಮುಂದೆ ಕೂತುಬಿಡುತ್ತಿದ್ದರು. ಇಬ್ರಾಹಿಂ ಫೆರೆರ್ ಹಾಡುವುದನ್ನು ಬಿಟ್ಟು, ಹವಾನಾದಲ್ಲಿ ಬೂಟಿಗೆ ಪಾಲಿಶ್ ಹಾಕಿ ನಾಲ್ಕು ಕಾಸು ಹೆಚ್ಚಿಗೆ ಸಂಪಾದಿಸುತ್ತಿದ್ದರು. ಬೊಲೇರೊ ಎಂಬ ಮೆಲುದನಿಯ ಪ್ರೇಮಗೀತೆಗೆ ಒಂದು ದನಿ ಬೇಕಾಗಿದೆಯೆಂದು ಹುವಾನ್ ದೆ ಮಾರ್ಕೋಸ್ ಅವರನ್ನು ಹುಡುಕಿ ಕರೆತಂದರು. ತಮಾಷೆಯೆಂದರೆ, ಇದೇ ಫೆರೆರ್ 2000ದಲ್ಲಿ ನಡೆದ ಮೊದಲ ಲ್ಯಾಟಿನ್ ಗ್ರ್ಯಾಮಿಯಲ್ಲಿ ‘ಅತ್ಯುತ್ತಮ ಹೊಸ ಕಲಾವಿದ’ ಪ್ರಶಸ್ತಿ ಪಡೆದರು. ಆಗ ಅವರಿಗೆ 73 ವರ್ಷ.

ಆಲ್ಬಮ್ 1997ರಲ್ಲಿ ಹೊರಬಂದು ಮರುವರ್ಷ ಗ್ರ್ಯಾಮಿ ಗೆದ್ದಿತು. 1998ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡಾಮ್, ಜುಲೈ 1ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಕಚೇರಿಗಳು ನಡೆದವು. 1999ರಲ್ಲಿ ಜರ್ಮನಿಯ ನಿರ್ದೇಶಕ ವಿಮ್ ವೆಂಡರ್ಸ್ ಈ ಕಲಾವಿದರ ಮೇಲೆ ಮಾಡಿದ ಸಾಕ್ಷ್ಯಚಿತ್ರ ಬಂತು. ಹಾಡು ಕೇಳದವರಿಗೂ ಆ ಮುಖಗಳು, ಬಣ್ಣ ಉದುರಿದ ಆ ಬೀದಿಗಳು ಪರಿಚಿತವಾದವು.

‘ಕಂಡುಹಿಡಿದರು’ ಎಂಬ ಮಾತಿನ ತಕರಾರು

ಹೊರಗಿನಿಂದ ಬಂದವರು ಮರೆತುಹೋದವರನ್ನು ಕಂಡುಹಿಡಿದರು ಎಂಬ ಕಥೆ ಕೇಳಲು ಚೆನ್ನ. ಆದರೆ ಅದರಲ್ಲಿ ಅರ್ಧವಷ್ಟೇ ನಿಜ. ಆಲ್ಬಮ್ಮಿನಲ್ಲಿ ಹಾಡಿದವರನ್ನೇ ನೋಡಿ. ಒಮಾರಾ ಪೋರ್ತುವೊಂದೊ 1950ರ ದಶಕದಿಂದ ಕ್ಯೂಬಾದ ಮನೆಮಾತಾದ ಗಾಯಕಿ. ಅವರನ್ನು ಯಾರೂ ಮರೆತಿರಲಿಲ್ಲ. ಎಲಿಯಾದೆಸ್ ಒಚೋವಾ 1978ರಿಂದ ಸಾಂಟಿಯಾಗೊದ ಕ್ವಾರ್ತೇತೊ ಪಾತ್ರಿಯಾ ಮೇಳವನ್ನು ನಡೆಸಿಕೊಂಡು ಬಂದಿದ್ದರು. ಹಿರಿಯ ಗಾಯಕ, ರಚನಕಾರ ಕೊಂಪಾಯ್ ಸೆಗುಂಡೊ ಅವರ ಹೆಸರು ಸ್ಪೇನಿನಲ್ಲಿ ಈ ಆಲ್ಬಮ್ಮಿಗಿಂತ ಮೊದಲೇ ಓಡಾಡುತ್ತಿತ್ತು. ಹುವಾನ್ ದೆ ಮಾರ್ಕೋಸ್ ಅವರೇ 1976ರಲ್ಲಿ ಹವಾನಾದ ವಿದ್ಯಾರ್ಥಿಗಳ ಜೊತೆ ಸಿಯೆರಾ ಮಾಯೆಸ್ತ್ರಾ ಎಂಬ ಮೇಳ ಕಟ್ಟಿ 1920ರ ದಶಕದ ಶೈಲಿಯ ಸೋನ್ ನುಡಿಸುತ್ತಿದ್ದವರು. 1978ರಲ್ಲಿ ಅದಾಲ್ಬೆರ್ತೊ ಅಲ್ವಾರೆಸ್ ಸ್ಥಾಪಿಸಿದ ‘ಸೋನ್ 14’ ಈ ಸಂಗೀತವನ್ನು ಹೊಸ ಕಾಲದ ಕುಣಿತಕ್ಕೆ ಹೊಂದಿಸಿತ್ತು. ಸಾಂಟಿಯಾಗೊದ ‘ಕಾಸಾ ದೆ ಲಾ ತ್ರೋವಾ’ದಲ್ಲಿ ಹಳಬರು ದಿನವೂ ಸೇರಿ ಹಾಡುತ್ತಿದ್ದರು.

ಆದ್ದರಿಂದ ಮರುಹುಟ್ಟು ಪಡೆದದ್ದು ಸಂಗೀತವೆನ್ನುವುದಕ್ಕಿಂತ, ಅದಕ್ಕೆ ದುಡ್ಡು ಕೊಟ್ಟು ಕೇಳುವ ಕಿವಿಗಳು ಎನ್ನುವುದು ಸರಿ. ಆ ಕಿವಿಗಳು ಕ್ಯೂಬಾದ ಹೊರಗಿದ್ದವು. ಮುಂದಿನ ಎಲ್ಲ ಪರಿಣಾಮಗಳಿಗೂ ಬೀಜ ಇಲ್ಲಿದೆ.

ಹಣ ಎಲ್ಲಿ ಹರಿಯಿತು, ಎಲ್ಲಿ ನಿಂತಿತು

ಧ್ವನಿಮುದ್ರಣ ನಡೆದ 1996ರ ಮಾರ್ಚ್ ಸಾಮಾನ್ಯ ತಿಂಗಳಲ್ಲ. ಫೆಬ್ರವರಿ 24ರಂದು ಮಯಾಮಿಯ ವಲಸಿಗರ ಗುಂಪೊಂದರ ಎರಡು ಸಣ್ಣ ವಿಮಾನಗಳನ್ನು ಕ್ಯೂಬಾ ಹೊಡೆದುರುಳಿಸಿತ್ತು. ಮಾರ್ಚ್ 12ರಂದು ಅಧ್ಯಕ್ಷ ಕ್ಲಿಂಟನ್ ಹೆಲ್ಮ್ಸ್-ಬರ್ಟನ್ ಕಾಯ್ದೆಗೆ ಸಹಿ ಹಾಕಿ, 1962ರಿಂದ ಇದ್ದ ಆರ್ಥಿಕ ದಿಗ್ಬಂಧನವನ್ನು ಇನ್ನಷ್ಟು ಬಿಗಿಗೊಳಿಸಿದರು. ಅಮೆರಿಕದ ಪ್ರಜೆಯಾದ ರೈ ಕೂಡರ್ ಆ ಹೊತ್ತಿನಲ್ಲಿ ಹವಾನಾದಲ್ಲಿ ಕೆಲಸ ಮಾಡಿದ್ದಕ್ಕೆ ‘ಶತ್ರುವಿನೊಂದಿಗೆ ವ್ಯಾಪಾರ’ ಕಾಯ್ದೆಯಡಿ 25,000 ಡಾಲರ್ ದಂಡ ತೆರಬೇಕಾಯಿತು.

ಹಾಗಿದ್ದರೆ ಆಲ್ಬಮ್ ಅಮೆರಿಕದ ಅಂಗಡಿಗಳಲ್ಲಿ ಮಾರಾಟವಾದದ್ದು ಹೇಗೆ? 1988ರಲ್ಲಿ ಅಮೆರಿಕದ ಸಂಸತ್ತು ಪುಸ್ತಕ, ಚಲನಚಿತ್ರ, ಧ್ವನಿಮುದ್ರಿಕೆಗಳಂಥ ‘ಮಾಹಿತಿ ಸಾಮಗ್ರಿ’ಗಳನ್ನು ದಿಗ್ಬಂಧನದಿಂದ ಹೊರಗಿಟ್ಟಿತ್ತು. ಅಂದರೆ ಮುದ್ರಿತವಾದ ಹಾಡು ಗಡಿ ದಾಟಬಹುದಿತ್ತು. ಅದನ್ನು ಹಾಡಿದವನಿಗೆ ವೀಸಾ ಬೇಕಿತ್ತು, ವೀಸಾ ಸಿಕ್ಕರೂ ಅಮೆರಿಕದ ವೇದಿಕೆಯಲ್ಲಿ ಹಾಡಿದ್ದಕ್ಕೆ ಸಂಭಾವನೆ ಪಡೆಯುವಂತಿರಲಿಲ್ಲ. ಊಟ, ವಸತಿ, ಪ್ರಯಾಣದ ಖರ್ಚಷ್ಟೇ. ಈ ನಿರ್ಬಂಧ ಸಡಿಲಗೊಂಡದ್ದು ಒಬಾಮ ಅವಧಿಯ ಕೊನೆಯಲ್ಲಿ, 2016ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಮೊದಲ ಸಾಲಿನ ಹಿರಿಯರಲ್ಲಿ ಹೆಚ್ಚಿನವರು ತೀರಿಕೊಂಡಿದ್ದರು: 2003ರ ಜುಲೈನಲ್ಲಿ 95ರ ಕೊಂಪಾಯ್ ಸೆಗುಂಡೊ, ಅದೇ ಡಿಸೆಂಬರ್‌ನಲ್ಲಿ ರೂಬೆನ್ ಗೊನ್ಸಾಲೆಸ್, 2005ರ ಆಗಸ್ಟ್‌ನಲ್ಲಿ ಇಬ್ರಾಹಿಂ ಫೆರೆರ್. 2004ರಲ್ಲಿ ಫೆರೆರ್ ಗ್ರ್ಯಾಮಿ ಗೆದ್ದಾಗ ಅದನ್ನು ಪಡೆಯಲು ಹೋಗುವುದಕ್ಕೇ ಅಮೆರಿಕ ವೀಸಾ ನಿರಾಕರಿಸಿತ್ತು. ಅಮೆರಿಕದ ಹಿತಕ್ಕೆ ಧಕ್ಕೆ ತರುವವರನ್ನು ತಡೆಯಲೆಂದು ಇರುವ ಕಲಮನ್ನು 76 ವರ್ಷದ ಬೊಲೇರೊ ಗಾಯಕನ ಮೇಲೆ ಪ್ರಯೋಗಿಸಲಾಗಿತ್ತು.

ಹಾಡುಗಳ ಹಕ್ಕಿನ ಜಗಳ ಇದಕ್ಕಿಂತ ಹಳೆಯದು. ಕ್ರಾಂತಿಗೆ ಮೊದಲು ಅಮೆರಿಕದ ಪೀರ್ ಎಂಬ ಪ್ರಕಾಶನ ಸಂಸ್ಥೆ ಕ್ಯೂಬಾದ ಅನೇಕ ರಚನಕಾರರಿಂದ ಹಾಡುಗಳ ಹಕ್ಕು ಬರೆಸಿಕೊಂಡಿತ್ತು. 1960ರಲ್ಲಿ ಕ್ಯೂಬಾ ಅಂಥ ಒಪ್ಪಂದಗಳಿಗೆ ಮಾನ್ಯತೆಯಿಲ್ಲವೆಂದು ಕಾನೂನು ಮಾಡಿತು. ಹಳೆಯ ಹಾಡುಗಳಿಗೆ ಯಾವ ಬೆಲೆಯೂ ಇಲ್ಲದಿದ್ದಷ್ಟು ಕಾಲ ಈ ವಿವಾದ ಕಡತದಲ್ಲಿ ಮಲಗಿತ್ತು. ಜಗತ್ತು ಆ ಹಾಡುಗಳನ್ನು ಕೊಳ್ಳತೊಡಗಿದ ಮೇಲೆ ಎದ್ದು ಕೂತಿತು. ಪ್ರಕರಣ ಲಂಡನ್ನಿನ ನ್ಯಾಯಾಲಯಕ್ಕೆ ಹೋಯಿತು. ಕ್ಯೂಬಾದ ಆ ಕಾನೂನು ಇಂಗ್ಲೆಂಡಿನಲ್ಲಿರುವ ಹಕ್ಕುಗಳಿಗೆ ಅನ್ವಯಿಸದು ಎಂದು 2003ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಒಪ್ಪಂದಗಳು ನ್ಯಾಯಯುತವಾಗಿದ್ದವೇ ಎಂಬ ಸಾಕ್ಷ್ಯ ಕೇಳಲು 2005ರಲ್ಲಿ ಇಂಗ್ಲಿಷ್ ನ್ಯಾಯಾಧೀಶರೊಬ್ಬರು ಹವಾನಾಗೇ ಹೋಗಿ ಕೂತರು. ಅರ್ಧ ಶತಮಾನದ ಹಿಂದೆ ಕೆಲವೇ ಪೆಸೊಗಳಿಗೆ ಸಹಿ ಹಾಕಿದ್ದವರ ಮಕ್ಕಳು, ವಾರಸುದಾರರು ಅಲ್ಲಿ ಸಾಕ್ಷಿಕಟ್ಟೆ ಏರಬೇಕಾಯಿತು.

ಮೂರು ಕಡೆಯ ವಾದಗಳು

ಮರುಜೀವದ ಪರವಾಗಿ ಮಾತಾಡುವವರ ವಾದ ನೇರವಾದದ್ದು. ಬೂಟು ಪಾಲಿಶ್ ಮಾಡುತ್ತಿದ್ದ ವ್ಯಕ್ತಿ ಕೊನೆಯ ಒಂಬತ್ತು ವರ್ಷ ಗೌರವದಿಂದ ಹಾಡಿ ಬಾಳಿದ. ಪಿಯಾನೊ ಇಲ್ಲದವನಿಗೆ ಪಿಯಾನೊ ಸಿಕ್ಕಿತು. ಕ್ಯೂಬಾ ಎಂದರೆ ಕ್ಷಿಪಣಿ ಬಿಕ್ಕಟ್ಟು, ಸಿಗಾರು ಎಂದಷ್ಟೇ ತಿಳಿದಿದ್ದ ಜಗತ್ತು ಆ ದೇಶದ ದನಿ ಕೇಳಿತು. ಈ ವಾದವನ್ನು ಯಾರೂ ಸುಲಭವಾಗಿ ತಳ್ಳಿಹಾಕಲಾರರು.

ಕ್ಯೂಬಾದ ಒಳಗಿನ ವಿಮರ್ಶಕರ ಮಾತು ಬೇರೆ. ಸೋವಿಯತ್ ಒಕ್ಕೂಟ ಕುಸಿದು, ದೇಶದ ಉತ್ಪನ್ನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿದು, 1993ರಲ್ಲಿ ಡಾಲರ್ ಚಲಾವಣೆಗೆ ಅನುಮತಿ ಕೊಟ್ಟು ಸರ್ಕಾರ ಪ್ರವಾಸೋದ್ಯಮಕ್ಕೆ ಮೊರೆಹೋಗಿದ್ದ ಕಾಲ ಅದು. ಹೊರಗಿನಿಂದ ಬಂದ ಪ್ರವಾಸಿ ಆಲ್ಬಮ್ಮಿನಲ್ಲಿ ಕೇಳಿದ್ದನ್ನೇ ಕೇಳಲು ಬಯಸಿದ. ಕೊಂಪಾಯ್ ಸೆಗುಂಡೊ 1984ರಲ್ಲಿ ಕಟ್ಟಿದ ‘ಚಾನ್ ಚಾನ್’ ಹವಾನಾದ ಪ್ರತಿ ಹೋಟೆಲಿನ ಪಡಸಾಲೆಯಲ್ಲೂ ದಿನಕ್ಕೆ ಹಲವು ಬಾರಿ ಕೇಳತೊಡಗಿತು. ಸಂಗೀತ ಶಾಲೆಯಲ್ಲಿ ಹತ್ತು ಹನ್ನೆರಡು ವರ್ಷ ಕಲಿತ ಯುವಕ ಸ್ವಂತದ್ದನ್ನು ನುಡಿಸಿದರೆ ತಟ್ಟೆಗೆ ಡಾಲರ್ ಬೀಳುವುದಿಲ್ಲ, ‘ಚಾನ್ ಚಾನ್’ ನುಡಿಸಿದರೆ ಬೀಳುತ್ತದೆ. ಹೀಗಾಗಿ ಜೀವಂತವಾಗಿದ್ದ ತಿಂಬಾಕ್ಕೆ ಹೊರಗೆ ಜಾಗ ಸಿಗಲಿಲ್ಲ, ಸೋನ್ ಕೂಡ 1950ರ ದಶಕದ ಒಂದು ಚಿತ್ರವಾಗಿ ಹೆಪ್ಪುಗಟ್ಟಿತು. 1984ರ ಹಾಡೊಂದು ಆ ಚಿತ್ರದ ಮುಖಗೀತೆಯಾದದ್ದು ಗಮನಿಸಬೇಕಾದ ಸಂಗತಿ. ಅದು ಕ್ರಾಂತಿಯ ನಂತರದ ಕ್ಯೂಬಾದಲ್ಲಿ ಹುಟ್ಟಿದ ಹಾಡು. ಹಳೆಯ ಕಾಲದ್ದೆಂದು ಜಗತ್ತು ಪ್ರೀತಿಸಿದ್ದು ಹೊಸದನ್ನೇ, ಅದನ್ನು ಕಟ್ಟಿದವರ ವಯಸ್ಸು ನೋಡಿ.

ಮೂರನೆಯ ಪಕ್ಷ ಫ್ಲೋರಿಡಾದ ಕ್ಯೂಬನ್ ವಲಸಿಗರದ್ದು. ದ್ವೀಪದ ಕಲಾವಿದರ ಕಚೇರಿಗೆ ಕೊಟ್ಟ ಪ್ರತಿ ಡಾಲರ್ ಸರ್ಕಾರದ ಬೊಕ್ಕಸ ಸೇರುತ್ತದೆ ಎಂಬುದು ಅವರಲ್ಲಿ ಅನೇಕರ ನಿಲುವು. 1999ರಲ್ಲಿ ಲೋಸ್ ವಾನ್ ವಾನ್ ಮಯಾಮಿಯಲ್ಲಿ ಹಾಡಿದಾಗ ಸಾವಿರಾರು ಮಂದಿ ಹೊರಗೆ ನಿಂತು ಪ್ರತಿಭಟಿಸಿದರು. ಅವರ ಸಿಟ್ಟಿಗೆ ಕಾರಣವಿಲ್ಲದಿಲ್ಲ, ಸೆರೆಮನೆ ಕಂಡವರೂ ಆಸ್ತಿ ಕಳೆದುಕೊಂಡವರೂ ಅವರಲ್ಲಿದ್ದರು. ಆದರೆ ಆ ನಿಲುವಿನ ಬಿಸಿ ತಟ್ಟಿದ್ದು ಸರ್ಕಾರಕ್ಕಿಂತ ಹೆಚ್ಚಾಗಿ ಮೇಳದ ಡೋಲು ಬಾರಿಸುವವರಿಗೆ ಎಂಬುದನ್ನು ಮೇಲಿನ ಸಂಭಾವನೆಯ ನಿಯಮ ನೋಡಿದರೆ ತಿಳಿಯುತ್ತದೆ.

ಜೂನ್ 8 ಮತ್ತು ಜೂನ್ 9

ಈಗಿನ ಗೊಂದಲದ ಮೂಲ ನ್ಯೂಯಾರ್ಕಿನಲ್ಲಿದೆ. ಆಲ್ಬಮ್ಮಿನ ಕಥೆಯನ್ನಾಧರಿಸಿದ ಸಂಗೀತ ನಾಟಕ 2025ರ ಮಾರ್ಚ್‌ನಲ್ಲಿ ಅಲ್ಲಿನ ದೊಡ್ಡ ರಂಗಮಂದಿರಗಳ ಕೇರಿಯಾದ ಬ್ರಾಡ್‌ವೇಗೆ ಬಂತು. ಹಾಡುಗಳೆಲ್ಲ ಸ್ಪ್ಯಾನಿಷ್, ಸಂಭಾಷಣೆ ಇಂಗ್ಲಿಷ್. ಜೂನ್ 8ರಂದು ನಡೆದ, ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಯ ಸಮಾರಂಭದಲ್ಲಿ ನೃತ್ಯ, ವಾದ್ಯಸಂಯೋಜನೆ ಸೇರಿ ನಾಲ್ಕು ಪ್ರಶಸ್ತಿಗಳ ಜೊತೆಗೆ, ವೇದಿಕೆಯ ಮೇಲೆಯೇ ಕೂತು ನುಡಿಸುವ ವಾದ್ಯವೃಂದಕ್ಕೆ ವಿಶೇಷ ಟೋನಿಯೂ ಸಿಕ್ಕಿತು. ಮರುದಿನ, ಜೂನ್ 9ರಿಂದ, ಕ್ಯೂಬಾ ಸೇರಿದಂತೆ ಏಳು ದೇಶಗಳ ಪ್ರಜೆಗಳ ಪ್ರವೇಶವನ್ನು ಭಾಗಶಃ ನಿರ್ಬಂಧಿಸುವ ಅಧ್ಯಕ್ಷ ಟ್ರಂಪ್ ಅವರ ಘೋಷಣೆ ಜಾರಿಗೆ ಬಂತು.

ಇವೆರಡನ್ನೂ ಯಾರೋ ಕೂತು ಹೊಂದಿಸಿದ್ದಲ್ಲ. ಆ ಘೋಷಣೆ ನೇರವಾಗಿ ತಡೆದದ್ದು ಕಾಯಂ ವಲಸೆ ಮತ್ತು ಪ್ರವಾಸ, ವ್ಯವಹಾರ, ವ್ಯಾಸಂಗ, ವಿನಿಮಯ ಕಾರ್ಯಕ್ರಮಗಳ ವೀಸಾಗಳನ್ನು. ಕಲಾವಿದರಿಗೆಂದೇ ಇರುವ ವೀಸಾ ಆ ಪಟ್ಟಿಯಲ್ಲಿ ಇಲ್ಲ, ಆದರೆ ಉಳಿದ ಎಲ್ಲ ವೀಸಾಗಳ ಅವಧಿಯನ್ನೂ ಸಾಧ್ಯವಾದಷ್ಟು ಮೊಟಕುಗೊಳಿಸಲು ಸೂಚನೆಯಿದೆ. ಸಂಗೀತ ಕಲಿಸಲು, ಕಲಿಯಲು, ಕಾರ್ಯಾಗಾರಕ್ಕೆ ಬರಲು ಬಳಕೆಯಾಗುತ್ತಿದ್ದದ್ದು ಬಹುಪಾಲು ತಡೆಹಿಡಿದ ವೀಸಾಗಳೇ. ನಾಟಕದ ವಾದ್ಯವೃಂದದಲ್ಲಿ ಕ್ಯೂಬಾದಲ್ಲೇ ಹುಟ್ಟಿ ಕಲಿತು ಮೊದಲೇ ವಲಸೆ ಬಂದವರೂ ಇದ್ದಾರೆ, ಅವರಿಗೆ ಈ ಬಾಗಿಲು ಮುಚ್ಚಿದ್ದರಿಂದ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಅವರ ಹಿಂದೆ ಬರಬೇಕಾಗಿದ್ದವರಿಗೆ.

ಯುನೆಸ್ಕೊ ಪಟ್ಟಿ ಏನು ಮಾಡುತ್ತದೆ

ಇಲ್ಲಿ ದೀಪಾವಳಿಯ ಉದಾಹರಣೆ ನೆರವಿಗೆ ಬರುತ್ತದೆ. ಹಬ್ಬ ಅಳಿವಿನಂಚಿನಲ್ಲಿದೆಯೆಂದು ಯಾರೂ ಹೇಳಲಾರರು, ಆದರೂ ಪಟ್ಟಿ ಸೇರಿತು. ಏಕೆಂದರೆ ಅಮೂರ್ತ ಪರಂಪರೆಯ ರಕ್ಷಣೆಗಾಗಿ ಯುನೆಸ್ಕೊ ಮಾಡಿದ 2003ರ ಒಡಂಬಡಿಕೆಯಡಿ ಬೇರೆ ಬೇರೆ ಪಟ್ಟಿಗಳಿವೆ. ತುರ್ತು ರಕ್ಷಣೆ ಬೇಕಾದವುಗಳದ್ದು ಒಂದು. ಪರಂಪರೆಗಳ ವೈವಿಧ್ಯವನ್ನು ಪ್ರತಿನಿಧಿಸುವಂಥವುಗಳದ್ದು ಇನ್ನೊಂದು. ದೀಪಾವಳಿಯೂ ಸೋನ್ ಕೂಡ ಸೇರಿದ್ದು ಎರಡನೆಯದಕ್ಕೆ. ಕ್ಯೂಬಾದ ರುಂಬಾ 2016ರಲ್ಲಿ, ಪುಂತೊ ಎಂಬ ಹಳ್ಳಿಗಾಡಿನ ಪದ್ಯಗಾಯನ 2017ರಲ್ಲಿ, ಮೆಕ್ಸಿಕೊ ಜೊತೆ ಜಂಟಿಯಾಗಿ ಬೊಲೇರೊ 2023ರಲ್ಲಿ ಇದೇ ಪಟ್ಟಿ ಸೇರಿವೆ. ಸೋನ್ ಕೊನೆಗೆ ಬಂದದ್ದೇ ವಿಚಿತ್ರ.

ಪಟ್ಟಿ ಸೇರಿದರೆ ಹಾಡಿನ ಹಕ್ಕು ದೇಶಕ್ಕೆ ಸಿಗುವುದಿಲ್ಲ, ಪೀರ್ ಪ್ರಕರಣದಂಥ ವ್ಯಾಜ್ಯಗಳ ಮೇಲೆ ಅದರ ಪರಿಣಾಮವಿಲ್ಲ. ಹಣವೂ ತಾನಾಗಿ ಬರುವುದಿಲ್ಲ. ದೇಶವು ಕಲಿಕೆಗೆ, ದಾಖಲಾತಿಗೆ ಏನು ಮಾಡುತ್ತದೆಂದು ಬರೆದುಕೊಡಬೇಕು, ಆರು ವರ್ಷಕ್ಕೊಮ್ಮೆ ವರದಿ ಕೊಡಬೇಕು. ಕ್ಯೂಬಾ ಸರ್ಕಾರಕ್ಕೆ ಇದು ಗೌರವದ ವಿಷಯ. ಅದಾಲ್ಬೆರ್ತೊ ಅಲ್ವಾರೆಸ್ ವರ್ಷಗಟ್ಟಲೆ ಬೆನ್ನುಬಿದ್ದದ್ದರಿಂದ 2020ರಲ್ಲಿ ಮೇ 8ನ್ನು ಸೋನ್ ದಿನವೆಂದು ಘೋಷಿಸಲಾಯಿತು. ಅದು ತ್ರಿಯೊ ಮತಾಮೊರೋಸ್ ಕಟ್ಟಿದ ಮಿಗೆಲ್ ಮತಾಮೊರೋಸ್ ಮತ್ತು ಸೋನ್ ಗಾಯಕ ಮಿಗೆಲಿತೊ ಕುನಿ ಇಬ್ಬರೂ ಹುಟ್ಟಿದ ದಿನ. ಮರುವರ್ಷ ಅಲ್ವಾರೆಸ್ ತೀರಿಕೊಂಡರು, ಯುನೆಸ್ಕೊ ಮನ್ನಣೆ ನೋಡಲಿಲ್ಲ.

ನಿಜವಾದ ಅಪಾಯ

ಹಾಡುಗಳು ಮುದ್ರಣಗೊಂಡಿವೆ, ಆಲ್ಬಮ್ಮನ್ನು ಅಮೆರಿಕದ ಸಂಸತ್ ಗ್ರಂಥಾಲಯವೇ 2022ರಲ್ಲಿ ತನ್ನ ರಾಷ್ಟ್ರೀಯ ಧ್ವನಿಮುದ್ರಿಕೆಗಳ ದಾಖಲೆಗೆ ಸೇರಿಸಿಕೊಂಡಿದೆ. ಆ ಮಟ್ಟಿಗೆ ಯಾವುದೂ ಕಳೆದುಹೋಗುವುದಿಲ್ಲ. ಕಳೆದುಹೋಗುತ್ತಿರುವುದು ಜನ. ಈ ದಶಕದ ಆರಂಭದಲ್ಲಿ 1 ಕೋಟಿ 10 ಲಕ್ಷ ಮೀರಿದ್ದ ಕ್ಯೂಬಾದ ಜನಸಂಖ್ಯೆ, ಸರ್ಕಾರದ ಲೆಕ್ಕದಲ್ಲೇ 2024ರ ಕೊನೆಗೆ ಒಂದು ಕೋಟಿಗಿಂತ ಕೆಳಗಿಳಿದಿದೆ. ಹೋಗುತ್ತಿರುವವರಲ್ಲಿ ದುಡಿಯುವ ವಯಸ್ಸಿನವರೇ ಹೆಚ್ಚು. 2018ರಲ್ಲಿ 47 ಲಕ್ಷದಷ್ಟಿದ್ದ ಪ್ರವಾಸಿಗರು 2024ರಲ್ಲಿ 22 ಲಕ್ಷಕ್ಕೆ ಇಳಿದರು. ಪ್ರವಾಸಿಯ ತಟ್ಟೆಕಾಸು ಸೋನ್ ಅನ್ನು ಹೆಪ್ಪುಗಟ್ಟಿಸಿತೆಂದು ದೂರಿದ್ದು ನಿಜ. ಆದರೆ ಆ ಕಾಸೂ ಬಾರದಿದ್ದಾಗ ಟ್ರೆಸ್ ಹಿಡಿದು ಬದುಕುವ ದಾರಿ ಇನ್ನೂ ಕಿರಿದಾಗುತ್ತದೆ. ಬೀದಿಯಲ್ಲಿ ಯುವಕರು ಕೇಳುವುದು ‘ರೆಪಾರ್ತೊ’ ಎಂಬ, ಹವಾನಾದ ಬಡ ಬಡಾವಣೆಗಳಲ್ಲಿ ಹುಟ್ಟಿದ ಸಂಗೀತವನ್ನು. ಕ್ಲಾವೆಯ ಪೆಟ್ಟು ಅದರಲ್ಲೂ ಕೇಳಿಸುತ್ತದೆ ಎಂಬುದನ್ನು ಹಿರಿಯರು ಒಪ್ಪಿಕೊಳ್ಳಲು ಇನ್ನಷ್ಟು ಕಾಲ ಬೇಕಾಗಬಹುದು.

ಗ್ವಾಂಟಾನಮೊ ಸೀಮೆಯ ‘ಚಾಂಗ್ವಿ’ ಎಂಬ, ಸೋನ್‌ಗಿಂತ ಹಳೆಯ ಒರಟು ಪ್ರಕಾರ ಶಾಲೆಗಿಂತ ಹೆಚ್ಚಾಗಿ ಮನೆಯಲ್ಲಿ, ಕೇರಿಯ ಹಬ್ಬದಲ್ಲಿ, ರಾತ್ರಿಯಿಡೀ ನಡೆಯುವ ಕುಣಿತದಲ್ಲಿ ಕೈಯಿಂದ ಕೈಗೆ ದಾಟಿ ಬಂದದ್ದು. ಅಲ್ಲಿ ಕಲಿಯುವ ಹುಡುಗ ಮೊದಲು ಮರಾಕಾಸ್ ಎಂಬ ಗಿಲಕಿ ಹಿಡಿದು, ಮೇಳದ ಅಂಚಿನಲ್ಲಿ ನಿಂತು, ವರ್ಷಗಟ್ಟಲೆ ಕೇಳಿಸಿಕೊಂಡ ಮೇಲೆ ಟ್ರೆಸ್‌ಗೆ ಕೈಹಾಕುತ್ತಾನೆ. ಹಾಗೆ ಕಲಿಯಬೇಕಾದರೆ ಕಲಿಸುವವನೂ ಕಲಿಯುವವನೂ ಒಂದೇ ಊರಿನಲ್ಲಿರಬೇಕು. ವಲಸೆಯ ಪೆಟ್ಟು ಬೀಳುವುದು ಇದಕ್ಕೆ. ದೂರ ಹೋದವರು ಮಯಾಮಿಯಲ್ಲೋ ಮ್ಯಾಡ್ರಿಡ್‌ನಲ್ಲೋ ಮೇಳ ಕಟ್ಟುತ್ತಾರೆ. ಅಲ್ಲಿ ಸೋನ್ ಬೆಳೆಯಲೂಬಹುದು, ನ್ಯೂಯಾರ್ಕಿನಲ್ಲಿ ಹಿಂದೊಮ್ಮೆ ಬೆಳೆದು ಸಾಲ್ಸಾ ಆದಂತೆ. ಆದರೆ ಯುನೆಸ್ಕೊಗೆ ಕ್ಯೂಬಾ ಕೊಡಬೇಕಾದ ವರದಿಯಲ್ಲಿ ಆ ಮೇಳಗಳು ಬರುವುದಿಲ್ಲ, ಅವರಿಗೆ ಹವಾನಾದ ಸರ್ಕಾರ ಇನ್ನೂ ಪೂರ್ತಿ ಬಾಗಿಲು ತೆರೆದಿಲ್ಲ.

2024ರ ಅಕ್ಟೋಬರ್‌ನಲ್ಲಿ ಬುಯೆನಾ ವಿಸ್ತಾದ ತುತ್ತೂರಿ ವಾದಕ ಮನ್ವೆಲ್ ‘ಗ್ವಾಹಿರೊ’ ಮಿರಾಬಾಲ್ ತೀರಿಕೊಂಡರು. 2025ರ ಅಕ್ಟೋಬರ್‌ಗೆ 95 ತುಂಬಿದ ಒಮಾರಾ ಪೋರ್ತುವೊಂದೊ ವೇದಿಕೆಯಿಂದ ದೂರ ಸರಿದಿದ್ದಾರೆ. 1996ರ ಆ ಸ್ಟುಡಿಯೊದಲ್ಲಿ ಕೊಂಪಾಯ್ ಸೆಗುಂಡೊಗೆ 88, ರೂಬೆನ್‌ಗೆ 76 ಇದ್ದಾಗ ಎಲಿಯಾದೆಸ್ ಒಚೋವಾ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಹಿರಿಯರ ನಡುವೆ ಅವರು ಹುಡುಗ. 2026ರ ಜೂನ್‌ಗೆ ಅವರಿಗೆ ಎಂಬತ್ತು.